ನೀರು ಬಿದ್ದರೆ ಕರೆಂಟು ಹೇಗೆ? ಶರಾವತಿಯ ಜೊತೆ ಒಂದು ಲೆಕ್ಕ

ಹೊನ್ನಾವರದಿಂದ ಘಾಟಿ ಹತ್ತಿ ಸಾಗರಕ್ಕೆ ಹೋಗುವ ಬಸ್ಸು. ಪಕ್ಕದ ಸೀಟಿನಲ್ಲಿದ್ದ ಹಿರಿಯರೊಬ್ಬರು ಮಡಚಿದ ಪೇಪರನ್ನು ನನ್ನ ಮುಂದೆ ಹಿಡಿದರು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ನಡೆದ ಸಭೆಯ ಸುದ್ದಿ ಅದು. "ಅಲ್ಲಾ ತಮ್ಮಾ, ನೀರು ಕೆಳಗೆ ಬಿಟ್ಟು ಕರೆಂಟು ತೆಗೀತಾರಂತೆ. ಆಮೇಲೆ ಕರೆಂಟು ಖರ್ಚು ಮಾಡಿ ಅದೇ ನೀರನ್ನ ಮತ್ತೆ ಮೇಲಕ್ಕೆ ಎತ್ತುತಾರಂತೆ. ಇದೆಂಥ ಲೆಕ್ಕ?" ಎಂದು ಕೇಳಿದರು.

ಸರಿಯಾದ ಪ್ರಶ್ನೆ. ಆದರೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ನೀರಿನಿಂದ ಕರೆಂಟು ಹೇಗೆ ಬರುತ್ತದೆ, ಅದರಿಂದ ಏನು ಸಿಗುತ್ತದೆ, ಅದಕ್ಕಾಗಿ ಯಾರು ಏನು ಕಳೆದುಕೊಳ್ಳುತ್ತಾರೆ ಎನ್ನುವುದು ಗೊತ್ತಾದರೆ ಆ ಲೆಕ್ಕ ತಾನಾಗೇ ಬಿಡಿಸಿಕೊಳ್ಳುತ್ತದೆ. ಬುಡದಿಂದಲೇ ನೋಡೋಣ.

ಮನೆ ಮೇಲಿನ ಟ್ಯಾಂಕು

ತಾರಸಿ ಮೇಲೆ ನೀರಿನ ಟ್ಯಾಂಕ್ ಇರುವ ಎರಡು ಅಂತಸ್ತಿನ ಮನೆಯನ್ನು ನೆನಪಿಸಿಕೊಳ್ಳಿ. ಮೇಲಿನ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ಅದೇ ಟ್ಯಾಂಕಿನ ನೀರು ಕೆಳಗಿನ ಮನೆಯಲ್ಲಿ ರಭಸವಾಗಿ ಬರುತ್ತದೆ. ಟ್ಯಾಂಕು ಮತ್ತು ನಲ್ಲಿಯ ನಡುವಿನ ಎತ್ತರ ಜಾಸ್ತಿಯಾದಷ್ಟೂ ಒತ್ತಡ ಜಾಸ್ತಿ.

ಜಲವಿದ್ಯುತ್ತಿನ ಗುಟ್ಟೆಲ್ಲ ಇಲ್ಲೇ ಇದೆ. ನೋಡಬೇಕಾದ್ದು ಎರಡೇ ಸಂಗತಿ. ನೀರು ಎಷ್ಟಿದೆ? ಅದು ಎಷ್ಟು ಎತ್ತರದಿಂದ ಇಳಿಯುತ್ತದೆ? ಎರಡನ್ನೂ ಗುಣಿಸಿದರೆ ಸಿಗುವುದೇ ಶಕ್ತಿ. ನೀರು ಕಡಿಮೆ ಇದ್ದರೂ ಎತ್ತರ ಜಾಸ್ತಿ ಇದ್ದರೆ ಸಾಕು. ಎತ್ತರ ಕಡಿಮೆ ಇದ್ದರೆ ನೀರು ಬಹಳ ಬೇಕು.

ಇದನ್ನು ಅಂಕಿಯಲ್ಲಿ ನೋಡೋಣ. ಸಾವಿರ ಲೀಟರಿನ ಟ್ಯಾಂಕು 10 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಅಷ್ಟೂ ನೀರು ಕೆಳಗೆ ಇಳಿಯುವಾಗ, ಏನೂ ಪೋಲಾಗದಿದ್ದರೆ, ಸಿಗುವ ಶಕ್ತಿ ಸುಮಾರು 0.027 ಯೂನಿಟ್. ಅಂದರೆ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬನ್ನು ಮೂರು ಗಂಟೆ ಉರಿಸಬಹುದು. ಟ್ಯಾಂಕು ಪೂರ್ತಿ ಖಾಲಿ ಮಾಡಿದರೂ ಇಷ್ಟೇ. ನೀರಿನಲ್ಲಿ ಶಕ್ತಿ ಇರುವುದು ನಿಜ, ಆದರೆ ಬಹಳ ತೆಳುವಾಗಿ ಇರುತ್ತದೆ. ಅದಕ್ಕೇ ಜಲವಿದ್ಯುತ್ತಿಗೆ ದೊಡ್ಡ ಎತ್ತರವೋ ದೊಡ್ಡ ಕೆರೆಯೋ, ಕೆಲವೊಮ್ಮೆ ಎರಡೂ ಬೇಕಾಗುತ್ತವೆ.

ಸಾವಿರ ಲೀಟರಿಗೆ ಒಂದು ಯೂನಿಟ್

ಪಶ್ಚಿಮ ಘಟ್ಟ ಆ ಎತ್ತರವನ್ನು ಪುಕ್ಕಟೆಯಾಗಿ ಕೊಟ್ಟಿದೆ. ಮಲೆನಾಡಿನಲ್ಲಿ ನಿಧಾನಕ್ಕೆ ಹರಿಯುವ ಶರಾವತಿ, ಜೋಗದ ಬಳಿ ಇದ್ದಕ್ಕಿದ್ದಂತೆ ಕರಾವಳಿಯ ಕಡೆ ಧುಮುಕುತ್ತದೆ. ಜೋಗದ ಜಲಪಾತದ್ದೇ 253 ಮೀಟರ್ ಎತ್ತರ. ಶರಾವತಿ ವಿದ್ಯುದಾಗಾರ ಇರುವುದು ಕಣಿವೆಯಲ್ಲಿ ಇನ್ನೂ ಕೆಳಗೆ. ಹಾಗಾಗಿ ಕೊಳವೆಯಲ್ಲಿ ಅಲ್ಲಿಗೆ ಇಳಿಯುವ ನೀರಿಗೆ ಸುಮಾರು 440 ಮೀಟರ್ ಎತ್ತರದ ಬಲ ಸಿಗುತ್ತದೆ.

ಈಗ ಅದೇ ಸಾವಿರ ಲೀಟರನ್ನು 440 ಮೀಟರ್ ಮೇಲಿಂದ ಬಿಡಿ. ಯಂತ್ರಗಳಲ್ಲಿ ಹತ್ತರಲ್ಲೊಂದು ಪಾಲು ಪೋಲಾಯಿತು ಅಂದುಕೊಂಡರೂ ಸಿಗುವುದು ಸುಮಾರು 1 ಯೂನಿಟ್. ಈ ಒಂದು ಅಂಕಿ ತಲೆಯಲ್ಲಿ ಉಳಿದರೆ ಸಾಕು. ಶರಾವತಿಯಲ್ಲಿ ಒಂದು ಟ್ಯಾಂಕು ನೀರಿಗೆ ಒಂದು ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗೆ, ಆ ತಿಂಗಳಲ್ಲಿ ಘಟ್ಟದ ಮೇಲಿಂದ 100 ಟ್ಯಾಂಕು ನೀರು ಇಳಿಯಬೇಕು.

ಎತ್ತರ 440ರ ಬದಲು 30 ಮೀಟರ್ ಮಾತ್ರ ಇದ್ದಿದ್ದರೆ? ಆಗ ಒಂದು ಯೂನಿಟ್ಟಿಗೆ 13, 14 ಟ್ಯಾಂಕು ಬೇಕು. ಬಯಲುಸೀಮೆಯಲ್ಲಿ ಎಷ್ಟೇ ದೊಡ್ಡ ಆಣೆಕಟ್ಟು ಕಟ್ಟಿದರೂ ಶರಾವತಿಯಷ್ಟು ಕರೆಂಟು ಯಾಕೆ ಬರುವುದಿಲ್ಲ ಎನ್ನುವುದಕ್ಕೆ ಉತ್ತರ ಇದೇ.

ಮೆಗಾವಾಟ್ ಬೇರೆ, ಯೂನಿಟ್ ಬೇರೆ

ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಮೆಗಾವಾಟ್ ಅಂದರೆ ನಲ್ಲಿ ಎಷ್ಟು ಜೋರಾಗಿ ಬರುತ್ತಿದೆ ಎನ್ನುವುದು. ಯೂನಿಟ್ ಅಂದರೆ ಬಕೆಟ್ಟಿನಲ್ಲಿ ಎಷ್ಟು ತುಂಬಿತು ಎನ್ನುವುದು. ಒಂದು ಮೆಗಾವಾಟಿನ ಯಂತ್ರ ಒಂದು ಗಂಟೆ ಓಡಿದರೆ ಸಾವಿರ ಯೂನಿಟ್. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ 10 ಯಂತ್ರಗಳಿವೆ, ಒಟ್ಟು 1,035 ಮೆಗಾವಾಟ್. ಎಲ್ಲವೂ ಪೂರ್ತಿ ಓಡಿದರೆ ಗಂಟೆಗೆ ಹತ್ತು ಲಕ್ಷ ಯೂನಿಟ್ ದಾಟುತ್ತದೆ. ಹಾಗೆ ಓಡಿಸಲು ನೀರಿರಬೇಕು ಎನ್ನುವುದು ಬೇರೆ ಮಾತು.

ಲಿಂಗನಮಕ್ಕಿಯಿಂದ ಕಡಲವರೆಗೆ

ನೀರಿನ ಜೊತೆ ನಾವೂ ಒಮ್ಮೆ ಇಳಿದುಬರೋಣ.

ಮಳೆಗಾಲದ ನೀರು ಮೊದಲು ನಿಲ್ಲುವುದು ಲಿಂಗನಮಕ್ಕಿ ಜಲಾಶಯದಲ್ಲಿ. 1964ರಲ್ಲಿ ಮುಗಿದ ಈ ಆಣೆಕಟ್ಟು ಸುಮಾರು 151 ಟಿಎಂಸಿ ನೀರು ಹಿಡಿಯುತ್ತದೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,830 ಕೋಟಿ ಲೀಟರ್. ಆಣೆಕಟ್ಟಿನ ಬುಡದಲ್ಲೇ 55 ಮೆಗಾವಾಟಿನ ಒಂದು ಚಿಕ್ಕ ವಿದ್ಯುದಾಗಾರವಿದೆ. ಅದರಲ್ಲಿ ಒಮ್ಮೆ ದುಡಿದ ನೀರು ಕಾಲುವೆ ಹಿಡಿದು ತಳಕಳಲೆ ಎಂಬ ಇನ್ನೊಂದು ಜಲಾಶಯಕ್ಕೆ ಹೋಗುತ್ತದೆ.

ತಳಕಳಲೆ ಇರುವುದು ಘಟ್ಟದ ಅಂಚಿನಲ್ಲಿ. ಅಲ್ಲಿಂದ ನೀರು ಸುರಂಗ ಹೊಕ್ಕು, ಆಮೇಲೆ ಇಳಿಜಾರಿನಲ್ಲಿ ಮಲಗಿಸಿದ ಭಾರಿ ಉಕ್ಕಿನ ಕೊಳವೆಗಳಲ್ಲಿ ಕೆಳಗಿಳಿಯುತ್ತದೆ. ಈ ಕೊಳವೆಗಳಿಗೆ ಪೆನ್‌ಸ್ಟಾಕ್ ಎಂದು ಹೆಸರು. ನೀರು ಇಲ್ಲಿ ಜಲಪಾತದ ಹಾಗೆ ಗಾಳಿಯಲ್ಲಿ ಧುಮುಕುವುದಿಲ್ಲ. ಕೊಳವೆ ತುಂಬ ನೀರು ಇರುತ್ತದೆ. ಮೇಲಿನ ನೀರಿನ ಭಾರವೆಲ್ಲ ಕೆಳಗಿನ ತುದಿಯನ್ನು ಒತ್ತುತ್ತಿರುತ್ತದೆ.

ಆ ತುದಿಯಲ್ಲಿ ಚೂಪಾದ ಮೂತಿಯೊಂದು ಇದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಚಿಮ್ಮುತ್ತದಲ್ಲ, ಹಾಗೆ. ಚಿಮ್ಮಿದ ನೀರು ಒಂದು ಚಕ್ರಕ್ಕೆ ಬಡಿಯುತ್ತದೆ. ಚಕ್ರದ ಸುತ್ತ ಬಟ್ಟಲುಗಳಿವೆ. ಎರಡು ತೆಂಗಿನ ಚಿಪ್ಪನ್ನು ಪಕ್ಕಪಕ್ಕ ಅಂಟಿಸಿದಂಥ ಆಕಾರ. ನಡುವಿನ ಚೂಪು ಅಂಚಿಗೆ ಬಡಿದ ನೀರು ಎರಡು ಕಡೆಗೂ ಸೀಳಿ, ಬಟ್ಟಲಿನೊಳಗೆ ತಿರುಗಿ, ಬಂದ ದಿಕ್ಕಿಗೇ ಹೊರಳಿಬೀಳುತ್ತದೆ. ಹಾಗೆ ಹೊರಳುವಾಗ ತನ್ನ ರಭಸವನ್ನೆಲ್ಲ ಚಕ್ರಕ್ಕೆ ಕೊಟ್ಟುಬಿಡುತ್ತದೆ. ಒಳ್ಳೆಯ ಚಕ್ರದಿಂದ ಹೊರಬಿದ್ದ ನೀರಿಗೆ ಹೆಚ್ಚು ಕಸುವೇ ಉಳಿದಿರುವುದಿಲ್ಲ. ಸುಮ್ನೆ ಜಾರಿ ಕೆಳಗೆ ಬೀಳುತ್ತದೆ. ನೀರು ತಿರುಗಿಸುವ ಇಂಥ ಚಕ್ರಗಳಿಗೆ ಟರ್ಬೈನ್ ಎಂದು ಹೆಸರು. ಈ ಬಗೆಯದಕ್ಕೆ ಪೆಲ್ಟನ್ ಚಕ್ರ ಎನ್ನುತ್ತಾರೆ. ಎತ್ತರ ಜಾಸ್ತಿ ಇದ್ದಲ್ಲಿ ಇದೇ ಸರಿ. ಎತ್ತರ ಮಧ್ಯಮವಾಗಿದ್ದರೆ ನೀರಿನಲ್ಲೇ ಮುಳುಗಿ ತಿರುಗುವ ಫ್ರಾನ್ಸಿಸ್ ಟರ್ಬೈನ್ ಬಳಸುತ್ತಾರೆ. ಆಲಮಟ್ಟಿಯಂತೆ ಎತ್ತರ ಕಡಿಮೆ, ನೀರು ಜಾಸ್ತಿ ಇರುವ ಕಡೆ ಹಡಗಿನ ಪಂಖದಂತಿರುವ ಕಪ್ಲಾನ್ ಟರ್ಬೈನ್.

ಚಕ್ರ ತಿರುಗಿದರೆ ಅದೇ ದಂಡಕ್ಕೆ ಜೋಡಿಸಿದ ಜನರೇಟರೂ ತಿರುಗುತ್ತದೆ. ಹಳೇ ಸೈಕಲ್ಲಿನ ಡೈನಮೋ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಮ್ರದ ತಂತಿಯ ಸುರುಳಿಯ ನಡುವೆ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ ಇದನ್ನು 1831ರಲ್ಲೇ ತೋರಿಸಿದ. ದೀಪ ಹಾಕಿದಾಗ ಸೈಕಲ್ ತುಳಿಯುವುದು ಸ್ವಲ್ಪ ಭಾರವಾಗುತ್ತಿತ್ತು, ನೆನಪಿದೆಯಾ? ಜನರೇಟರಿಗೂ ಹಾಗೇ. ಊರಿನಲ್ಲಿ ಜನ ಹೆಚ್ಚೆಚ್ಚು ಸ್ವಿಚ್ ಒತ್ತಿದಷ್ಟೂ ಅದು ಭಾರವಾಗುತ್ತದೆ. ಆಗ ಮೂತಿಯನ್ನು ಇನ್ನಷ್ಟು ತೆರೆದು ಹೆಚ್ಚು ನೀರು ಬಿಡಬೇಕು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಬಾರಿ ದಿಕ್ಕು ಬದಲಿಸುವ ಸುತ್ತನ್ನು ಮುಗಿಸಬೇಕು. ಆ ತಾಳ ತಪ್ಪದಂತೆ ನೀರನ್ನು ಕ್ಷಣಕ್ಷಣವೂ ಹೆಚ್ಚು ಕಡಿಮೆ ಮಾಡುವ ಯಂತ್ರ ಅಲ್ಲೇ ಇರುತ್ತದೆ.

ಶರಾವತಿ ವಿದ್ಯುದಾಗಾರ ದಾಟಿದ ನೀರು ಗೇರುಸೊಪ್ಪೆಯ ಜಲಾಶಯ ಸೇರುತ್ತದೆ. ಅಲ್ಲಿ ಮತ್ತೆ 240 ಮೆಗಾವಾಟಿನ ವಿದ್ಯುದಾಗಾರ. ಒಂದೇ ನೀರು ಮೂರು ಕಡೆ ದುಡಿದು, ಕೊನೆಗೆ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಇಷ್ಟೆಲ್ಲ ಆದರೂ ನೀರು ಒಂದು ಹನಿಯೂ ಖರ್ಚಾಗಿಲ್ಲ. ಖರ್ಚಾದದ್ದು ಅದರ ಎತ್ತರ ಮಾತ್ರ.

ಹರಿಯುವ ನೀರನ್ನು ಕಟ್ಟಿಹಾಕಿದ್ದು ಯಾಕೆ?

ಕರೆಂಟಿಗೆ ಆಣೆಕಟ್ಟು ಬೇಕೇ ಬೇಕು ಅಂತೇನಿಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಶುರುವಾದ ವಿದ್ಯುದಾಗಾರಕ್ಕೆ ದೊಡ್ಡ ಜಲಾಶಯ ಇರಲಿಲ್ಲ. ಹರಿಯುವ ನದಿಯನ್ನು ಸ್ವಲ್ಪ ತಿರುಗಿಸಿ, ಕಾಲುವೆಯಲ್ಲಿ ತಂದು, ಕೊಳವೆಯಲ್ಲಿ ಇಳಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೊಂಡ ಕೆಲಸ ಅದು. ಕರೆಂಟು ಮೊದಲು ಹೋದದ್ದು ಮನೆಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರಗಳಿಗೂ ಕಷ್ಟ. ನಮ್ಮಲ್ಲಿ ಮಳೆ ಬೀಳುವುದು ನಾಲ್ಕು ತಿಂಗಳು, ಕರೆಂಟು ಬೇಕಾಗುವುದು ಹನ್ನೆರಡು ತಿಂಗಳು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ನೀರಾವರಿಯ ಜೊತೆಗೆ ಇದೂ ಒಂದು ಕಾರಣ. ವರ್ಷವಿಡೀ ಶಿವನಸಮುದ್ರಕ್ಕೆ ಒಂದೇ ಸಮ ನೀರು ಸಿಗಬೇಕಿತ್ತು.

ಎರಡು ಬಗೆಯ ಜಲವಿದ್ಯುತ್ ಇರುವುದು ಹೀಗೆ. ನದಿ ಹರಿದಷ್ಟು ಮಾತ್ರ ಬಳಸುವುದು ಒಂದು. ಅದು ಹೆಚ್ಚು ಊರು ಮುಳುಗಿಸುವುದಿಲ್ಲ, ಆದರೆ ನದಿ ಬತ್ತಿದರೆ ನಿಲ್ಲುತ್ತದೆ. ಮಳೆಯನ್ನು ಕೂಡಿಟ್ಟು ಬೇಕಾದಾಗ ಬಿಡುವುದು ಇನ್ನೊಂದು. ಅದಕ್ಕೆ ಕಣಿವೆಯನ್ನೇ ಕೊಡಬೇಕು.

ಇದರಲ್ಲಿ ಸಿಗುವುದು ಏನು?

ಮೊದಲನೆಯದು ಎಲ್ಲರಿಗೂ ಗೊತ್ತು. ಕಲ್ಲಿದ್ದಲು ಕೊಳ್ಳಬೇಕಿಲ್ಲ, ಹೊಗೆ ಇಲ್ಲ, ಬೂದಿ ಇಲ್ಲ. ಕಟ್ಟುವಾಗ ಖರ್ಚು ದೊಡ್ಡದು. ಆಮೇಲೆ ಹಲವು ದಶಕ ಕಡಿಮೆ ಖರ್ಚಿನಲ್ಲಿ ನಡೆಯುತ್ತದೆ. ಶರಾವತಿಯ ಕರೆಂಟು ಇವತ್ತಿಗೂ ರಾಜ್ಯದ ಅತಿ ಅಗ್ಗದ ಕರೆಂಟುಗಳಲ್ಲಿ ಒಂದು. ರಾಯಚೂರಿನ ಶಾಖೋತ್ಪನ್ನ ಸ್ಥಾವರ 1985ರಲ್ಲಿ ಶುರುವಾಗುವವರೆಗೆ ಕರ್ನಾಟಕ ಹೆಚ್ಚೂಕಡಿಮೆ ಪೂರಾ ನೀರಿನ ಕರೆಂಟಿನ ಮೇಲೇ ನಿಂತಿತ್ತು.

ಅಷ್ಟಾಗಿ ಜನಕ್ಕೆ ಗೊತ್ತಿರದ, ಆದರೆ ನನಗೆ ಇದಕ್ಕಿಂತ ದೊಡ್ಡದು ಅನಿಸುವ ಲಾಭ ಇನ್ನೊಂದಿದೆ. ಅದು ವೇಗ. ಕಲ್ಲಿದ್ದಲಿನ ಸ್ಥಾವರ ಹಳ್ಳಿಮನೆಯ ದೊಡ್ಡ ಹಂಡೆ ಒಲೆಯ ಹಾಗೆ. ತಣ್ಣಗಾದರೆ ಮತ್ತೆ ಕಾಯಿಸಿ ಉಗಿ ಎಬ್ಬಿಸಲು ಗಂಟೆಗಟ್ಟಲೆ ಬೇಕು. ನೀರಿನ ಯಂತ್ರ ಗ್ಯಾಸ್ ಒಲೆಯ ಹಾಗೆ. ತಿರುಗಿಸಿದರೆ ಕೆಲವೇ ನಿಮಿಷದಲ್ಲಿ ಪೂರ್ತಿ ಓಡುತ್ತದೆ, ಬೇಡವೆಂದರೆ ನಿಲ್ಲುತ್ತದೆ. ಕರೆಂಟನ್ನು ತಂತಿಯಲ್ಲಿ ಕೂಡಿಡಲು ಆಗುವುದಿಲ್ಲ. ಬಳಸುವ ಕ್ಷಣದಲ್ಲೇ ಅದು ಹುಟ್ಟಬೇಕು. ಸಂಜೆ ಆರೂವರೆಗೆ ರಾಜ್ಯದ ತುಂಬ ದೀಪ, ಟಿವಿ, ಮಿಕ್ಸಿ ಒಟ್ಟಿಗೇ ಶುರುವಾದಾಗ ತಟ್ಟನೆ ಕೈಹಿಡಿಯುವುದು ಇಂಥ ಯಂತ್ರಗಳೇ.

ಗ್ರಿಡ್, ಅಂದರೆ ಕರೆಂಟು ಊರೂರಿಗೆ ಒಯ್ಯುವ ತಂತಿಗಳ ಜಾಲ, ಪೂರ್ತಿ ಕತ್ತಲಾದರೂ ಇವು ಕೆಲಸಕ್ಕೆ ಬರುತ್ತವೆ. ಕಲ್ಲಿದ್ದಲಿನ ಸ್ಥಾವರವನ್ನು ಶುರು ಮಾಡಲು ಅದರ ಪಂಪು, ಫ್ಯಾನುಗಳಿಗೆ ಹೊರಗಿನಿಂದ ಕರೆಂಟು ಬೇಕು. ನೀರಿನ ಯಂತ್ರಕ್ಕೆ ಬೇಕಾದದ್ದು ತೀರ ಕಡಿಮೆ. ಹಾಗಾಗಿ ಕತ್ತಲಿನಿಂದ ಮೊದಲು ಏಳುವುದು ಜಲವಿದ್ಯುತ್, ಉಳಿದವನ್ನು ಎಬ್ಬಿಸುವುದೂ ಅದೇ.

ಮಳೆ ಕೈಕೊಟ್ಟ ವರ್ಷ

2023 ಮರೆತಿರಲಿಕ್ಕಿಲ್ಲ. ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಜಲಾಶಯಗಳಲ್ಲಿ ನೀರಿಲ್ಲ. ಅದೇ ಹೊತ್ತಿಗೆ ಮಳೆ ಇಲ್ಲದ ಹೊಲಕ್ಕೆ ನೀರೆತ್ತಲು ರೈತರು ಪಂಪ್‌ಸೆಟ್ ಓಡಿಸಲೇಬೇಕಾಯಿತು, ಸೆಕೆಗೆ ಫ್ಯಾನು ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಬೇಡಿಕೆ 15 ಸಾವಿರ ಮೆಗಾವಾಟ್ ದಾಟಿತು. ಪಂಪ್‌ಸೆಟ್ಟಿಗೆ 7 ಗಂಟೆ ಕೊಡುತ್ತಿದ್ದ ಕರೆಂಟು 5 ಗಂಟೆಗೆ ಇಳಿಯಿತು. ರೈತರು ಬೀದಿಗಿಳಿದರು.

ಜಲವಿದ್ಯುತ್ತಿನ ದೊಡ್ಡ ಕೊರತೆ ಇದು. ಕರೆಂಟು ಅತಿ ಹೆಚ್ಚು ಬೇಕಾಗುವ ವರ್ಷವೇ ನೀರು ಅತಿ ಕಡಿಮೆ ಇರುತ್ತದೆ. ಯಂತ್ರಗಳು ಸುಸ್ಥಿತಿಯಲ್ಲೇ ಇರುತ್ತವೆ, ಸಿಬ್ಬಂದಿ ಇರುತ್ತಾರೆ. ಮೇಲಿನ ಟ್ಯಾಂಕು ಮಾತ್ರ ಖಾಲಿ.

ಮುಳುಗಿದ ಊರುಗಳು

ಲಿಂಗನಮಕ್ಕಿಯ ನೀರು ಹರಡಿದ ಜಾಗ ಸುಮಾರು 300 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಐದರಲ್ಲಿ ಎರಡು ಪಾಲಿನಷ್ಟು. ಅಲ್ಲಿ ಕಾಡಿತ್ತು, ಗದ್ದೆ ಇತ್ತು, ಅಡಿಕೆ ತೋಟ ಇತ್ತು, ಮನೆ, ದೇವಸ್ಥಾನ ಇದ್ದವು.

ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ ಅಲ್ಲಿ ಹೋಗಿ ನೋಡಬೇಕು. ಬಿರುಕು ಬಿಟ್ಟ ಕೆಂಪು ನೆಲ. ಅದರಲ್ಲಿ ಅರುವತ್ತು ವರ್ಷದ ಹಿಂದೆ ಸತ್ತ ಮರಗಳ ಬೊಡ್ಡೆಗಳು, ಕಪ್ಪಗೆ, ಇನ್ನೂ ಗಟ್ಟಿಯಾಗಿ ನಿಂತಿವೆ. ನೀರು ತೀರ ಕಡಿಮೆಯಾದ ವರ್ಷ ಮಡೆನೂರಿನ ಹಳೇ ಆಣೆಕಟ್ಟು ಮೇಲೇಳುತ್ತದೆ. ಜೋಗದಲ್ಲಿ 1948ರಲ್ಲಿ ಶುರುವಾದ ಮೊದಲ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ ಹಿರೇಭಾಸ್ಕರ ಆಣೆಕಟ್ಟು ಅದು. ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗಿತು. ಮೊದಲ ಆಣೆಕಟ್ಟಿಗೆ ಜಾಗ ಬಿಟ್ಟು ಮೇಲಕ್ಕೆ ಸರಿದ ಕೆಲವರು ಎರಡನೆಯದಕ್ಕಾಗಿ ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.

ಮುಳುಗಡೆ ಎನ್ನುವ ಮಾತಿಗೆ ಸಾಗರ, ಹೊಸನಗರದ ಕಡೆ ಒಂದು ಭಾರವಿದೆ. ಸಂತ್ರಸ್ತರನ್ನು ಲಾರಿಗಳಲ್ಲಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಿನ ಜಾಗಗಳಿಗೆ ಸಾಗಿಸಿ ಇಳಿಸಿದರು. ಆ ಅರಣ್ಯ ಭೂಮಿಯ ಹಕ್ಕುಪತ್ರದ ತಕರಾರು ಮೂರನೇ ತಲೆಮಾರಿಗೂ ಬಗೆಹರಿದಿಲ್ಲ. ಅಲ್ಲೇ ಉಳಿದ ತುಮರಿ, ಕರೂರು ಭಾಗದ ಜನಕ್ಕೆ ಇನ್ನೊಂದು ಬಗೆಯ ಕಷ್ಟ. ನೀರು ಅವರನ್ನು ಮುಳುಗಿಸಲಿಲ್ಲ, ಸುತ್ತುವರಿಯಿತು. ಸಾಗರಕ್ಕೆ ಹೋಗಲು ಲಾಂಚ್ ಬೇಕಿತ್ತು. ಬಸ್ಸು, ಬೈಕು, ಹಾಲಿನ ಕ್ಯಾನು, ಮದುವೆ ದಿಬ್ಬಣ ಎಲ್ಲವೂ ಲಾಂಚ್ ಹತ್ತಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಕಾಡುದಾರಿಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡುತ್ತಿದ್ದರು ಎಂದು ಅಲ್ಲಿನ ಹೆಂಗಸರನ್ನು ಕೇಳಬೇಕು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೀರು ನಿಂತು ಅರುವತ್ತು ವರ್ಷದ ಮೇಲೆ.

ರಾಜ್ಯಕ್ಕೆಲ್ಲ ಬೆಳಕು ಹೋದ ಜಾಗದಲ್ಲೇ ಕೆಲವು ಹಳ್ಳಿಗಳು ದಶಕಗಳ ಕಾಲ ಬುಡ್ಡಿದೀಪದಲ್ಲಿದ್ದವು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇಲ್ಲಿ ಬರೀ ಗಾದೆಯಲ್ಲ. ನೀರಿನ ಕರೆಂಟು ಅಗ್ಗ ಎನ್ನುವಾಗ ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ ಎನ್ನುವುದನ್ನು ನಾವು ನೆನಪಿಟ್ಟುಕೊಳ್ಳಲೇಬೇಕು.

ಕಾಳಿ ನದಿಗೆ ಸೂಪಾ ಆಣೆಕಟ್ಟು ಕಟ್ಟಿದಾಗ ಸೂಪಾ ಊರೇ ನೀರಿನಡಿ ಹೋಯಿತು. ಆ ಹೆಸರು ಈಗ ಆಣೆಕಟ್ಟಿಗೆ ಉಳಿದಿದೆ.

ಕೆಳಗಿನ ನದಿಗೆ ಏನಾಗುತ್ತದೆ?

ಜೋಗಕ್ಕೆ ಹೊರಟವರು "ನೀರಿದೆಯಾ?" ಎಂದು ಮೊದಲು ವಿಚಾರಿಸುತ್ತಾರೆ. ಮೇಲೆ ನೀರು ಕಟ್ಟಿದ ಮೇಲೆ ಜೋಗ ಭೋರ್ಗರೆಯುವುದು ಜೋರು ಮಳೆ ಇದ್ದಾಗ ಅಥವಾ ಲಿಂಗನಮಕ್ಕಿ ತುಂಬಿ ಗೇಟು ತೆರೆದಾಗ.

ನದಿ ಕಡಲು ಸೇರುವ ಅಳಿವೆಯಲ್ಲಿ ಆದದ್ದು ಇದಕ್ಕಿಂತ ವಿಚಿತ್ರ. ಆಣೆಕಟ್ಟಿನಿಂದ ಕೆಳಗೆ ನೀರು ಕಡಿಮೆಯಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹೊನ್ನಾವರದ ಬಳಿ ಬೇಸಿಗೆಯಲ್ಲಿ ಆದದ್ದು ಉಲ್ಟಾ. ಮೊದಲು ಬೇಸಿಗೆಯಲ್ಲಿ ನದಿ ಸೊರಗಿ, ಕಡಲಿನ ಉಪ್ಪುನೀರು ಒಳಗೆ ಬರುತ್ತಿತ್ತು. ಮಳೆಗಾಲದಲ್ಲಿ ಸಿಹಿನೀರು. ಮೀನು, ಏಡಿ, ಕಪ್ಪೆಚಿಪ್ಪುಗಳು ಈ ಏರಿಳಿತಕ್ಕೇ ಹೊಂದಿಕೊಂಡಿದ್ದವು. ವಿದ್ಯುದಾಗಾರಗಳು ವರ್ಷವಿಡೀ ನೀರು ಬಿಡಲು ಶುರು ಮಾಡಿದ ಮೇಲೆ ಬೇಸಿಗೆಯಲ್ಲೂ ಸಿಹಿನೀರು ಬಂತು, ಉಪ್ಪು ಕಡಿಮೆಯಾಯಿತು. ಉಪ್ಪು ಬೇಕಾದ ಜೀವಿಗಳು ಕಡಿಮೆಯಾದವು. ಪಕ್ಕದಲ್ಲೇ ಇರುವ ಅಘನಾಶಿನಿಗೆ ಆಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಬಳಚು ಎಂಬ ಕಪ್ಪೆಚಿಪ್ಪು ಹೆಕ್ಕಿ ಇವತ್ತಿಗೂ ಬದುಕು ನಡೆಸುತ್ತಾರೆ. ನದಿಗೆ ನೀರು ಎಷ್ಟು ಎನ್ನುವುದರ ಜೊತೆ ಯಾವಾಗ ಎನ್ನುವುದೂ ಮುಖ್ಯ.

ಹೂಳಿನದು ಇನ್ನೊಂದು ಕಥೆ. ನದಿ ಮಣ್ಣನ್ನೂ ತರುತ್ತದೆ. ನೀರು ನಿಂತಲ್ಲಿ ಮಣ್ಣು ತಳ ಸೇರುತ್ತದೆ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಮುಳುಗಿದ ಗಿಡಮರ ನೀರಿನಡಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಬರುತ್ತದೆ. ಭೂಮಿಯ ಬಿಸಿ ಏರಿಸುವ ಅನಿಲ ಅದು. ಹಾಗಾಗಿ ಜಲವಿದ್ಯುತ್ತಿನಿಂದ ಮಾಲಿನ್ಯವೇ ಇಲ್ಲ ಎನ್ನಲು ಬರುವುದಿಲ್ಲ. ಕಲ್ಲಿದ್ದಲಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ ಎನ್ನಬಹುದು.

ಅಪಾಯದ ಮಾತೂ ಇದೆ. 2021ರ ಫೆಬ್ರವರಿಯಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ, 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ತೀಸ್ತಾದಲ್ಲಿ, ಪ್ರವಾಹ ಜಲವಿದ್ಯುತ್ ಯೋಜನೆಗಳನ್ನೇ ಕೊಚ್ಚಿಕೊಂಡು ಹೋಯಿತು. ಹಿಮಾಲಯ ಎಳೆಯ ಬೆಟ್ಟ, ನಮ್ಮ ಘಟ್ಟ ಹಳೆಯದು. ಆದರೆ ಜೋರು ಮಳೆಗೆ ಗುಡ್ಡ ಕುಸಿಯುವುದು ಈಗ ಇಲ್ಲೂ ಹೊಸ ಸುದ್ದಿಯಲ್ಲ.

ಇಳಿದ ನೀರನ್ನು ಮತ್ತೆ ಮೇಲೆತ್ತುವುದು

ಈಗ ಬಸ್ಸಿನ ಹಿರಿಯರ ಪ್ರಶ್ನೆಗೆ ಬರೋಣ.

ಪಂಪ್ಡ್ ಸ್ಟೋರೇಜಿಗೆ ಎರಡು ಜಲಾಶಯ ಬೇಕು, ಒಂದು ಮೇಲೆ, ಒಂದು ಕೆಳಗೆ. ನಡುವೆ ಸುರಂಗ ಮತ್ತು ಎರಡು ಕೆಲಸ ಮಾಡಬಲ್ಲ ಯಂತ್ರ. ಒಂದು ದಿಕ್ಕಿಗೆ ತಿರುಗಿದರೆ ಅದು ಟರ್ಬೈನ್, ಕರೆಂಟು ಕೊಡುತ್ತದೆ. ಉಲ್ಟಾ ತಿರುಗಿಸಿದರೆ ಪಂಪು, ಕರೆಂಟು ತಿಂದು ನೀರನ್ನು ಮೇಲೆತ್ತುತ್ತದೆ.

ಇದರಲ್ಲಿ ನಷ್ಟ ಖಂಡಿತ ಇದೆ. 100 ಯೂನಿಟ್ ಖರ್ಚು ಮಾಡಿ ಎತ್ತಿದ ನೀರು ಇಳಿಯುವಾಗ ವಾಪಸ್ ಕೊಡುವುದು 75ರಿಂದ 80 ಯೂನಿಟ್. ಮತ್ತೆ ಯಾಕೆ ಮಾಡುತ್ತಾರೆ? ಯಾಕೆಂದರೆ ಎಲ್ಲ ಹೊತ್ತಿನ ಕರೆಂಟಿಗೂ ಒಂದೇ ಬೆಲೆಯಿಲ್ಲ. ಪಾವಗಡದಂಥ ಸೋಲಾರ್ ಪಾರ್ಕುಗಳಲ್ಲಿ ಮಧ್ಯಾಹ್ನ ಕರೆಂಟು ಹೇರಳ. ಸಂಜೆ ಸೂರ್ಯ ಮುಳುಗಿದರೆ ಅದು ಸೊನ್ನೆ. ಜನಕ್ಕೆ ಕರೆಂಟು ಬೇಕಾಗುವುದು ಆಗಲೇ. ಮಧ್ಯಾಹ್ನ ಮಿಕ್ಕಿದ್ದರಲ್ಲಿ ನೀರೆತ್ತಿಟ್ಟು ಸಂಜೆ ಇಳಿಸಿದರೆ, ಹಗಲಿನ ಬಿಸಿಲನ್ನು ರಾತ್ರಿಗೆ ಎತ್ತಿಟ್ಟ ಹಾಗೆ. ಮಾವಿನಕಾಯಿ ಕಾಲದಲ್ಲಿ ಉಪ್ಪಿನಕಾಯಿ ಹಾಕಿದ ಹಾಗೆ ಅನ್ನಬಹುದು. ಸಿಪ್ಪೆ, ಗೊರಟೆ ಸ್ವಲ್ಪ ಹೋಗುತ್ತದೆ, ಆದರೆ ಮಳೆಗಾಲದ ಊಟಕ್ಕೆ ಆಗುತ್ತದೆ. ಇದು ಕರೆಂಟು ಹುಟ್ಟಿಸುವ ಯೋಜನೆಯಲ್ಲ, ಕೂಡಿಡುವ ಯೋಜನೆ. ಶರಾವತಿ ಯೋಜನೆಯ ಹೆಸರಿನ ಮುಂದೆ 2,000 ಮೆಗಾವಾಟ್ ಎಂದು ಕಂಡಾಗ ಇದನ್ನು ಮರೆಯಬಾರದು.

ಶರಾವತಿಯಲ್ಲಿ ಮೇಲಿನ ಟ್ಯಾಂಕು ತಳಕಳಲೆ, ಕೆಳಗಿನದು ಗೇರುಸೊಪ್ಪೆ. ಎರಡೂ ಈಗಾಗಲೇ ಇವೆ. ಹೊಸ ಆಣೆಕಟ್ಟು ಬೇಡ, ಹೊಸದಾಗಿ ಊರು ಮುಳುಗುವುದಿಲ್ಲ, ವಿದ್ಯುದಾಗಾರ ನೆಲದಡಿ ಇರುತ್ತದೆ ಎನ್ನುವುದು ಯೋಜನೆಯ ಪರ ಇರುವವರ ಮಾತು. ವಿರೋಧಿಸುವವರು ಬೇರೆ ಕಡೆ ಬೊಟ್ಟು ಮಾಡುತ್ತಾರೆ. ಎರಡು ಜಲಾಶಯದ ನಡುವೆ ಇರುವುದು ಸಿಂಗಳೀಕ ಅಭಯಾರಣ್ಯ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಅದು ನೆಲಕ್ಕಿಳಿಯುವುದು ಅಪರೂಪ, ಮರದಿಂದ ಮರಕ್ಕೇ ಹೋಗುತ್ತದೆ. ರಸ್ತೆಗೆಂದು ಒಂದು ಸಾಲು ಮರ ಕಡಿದರೆ ಅದರ ದಾರಿಯೇ ಕತ್ತರಿಸಿದಂತೆ. ಸುರಂಗ ಕೊರೆಯಲು ಸಿಡಿಮದ್ದು, ತೆಗೆದ ಕಲ್ಲುಮಣ್ಣು ಸುರಿಯಲು ಜಾಗ, ಯಂತ್ರ ಸಾಗಿಸಲು ಅಗಲ ರಸ್ತೆ ಬೇಕು. ಕುಸಿಯುವ ಗುಡ್ಡ ಇದನ್ನೆಲ್ಲ ತಡೆದೀತಾ ಎನ್ನುವುದು ಗೇರುಸೊಪ್ಪೆಯವರ ಭಯ. ಕುಡಿಯುವ ನೀರಿಗೂ ತೋಟಕ್ಕೂ ನದಿಯನ್ನೇ ನಂಬಿದ ಕೆಳಗಿನ ಊರಿನವರು, ನೀರು ಮೇಲೆ ಕೆಳಗೆ ಓಡಾಡುತ್ತಿದ್ದರೆ ನಮಗೆಷ್ಟು ಬಿಡುತ್ತೀರಿ ಎಂದು ಕೇಳುತ್ತಿದ್ದಾರೆ.

ಇಂಥ ಯೋಜನೆಗೆ ನದಿಯೇ ಬೇಕೆಂದಿಲ್ಲ ಎನ್ನುವುದೂ ಈ ಚರ್ಚೆಯಲ್ಲಿ ಬರಬೇಕು. ಎರಡು ಕೊಳಗಳನ್ನು ಒಮ್ಮೆ ತುಂಬಿಸಿಕೊಂಡರೆ ಅದೇ ನೀರು ಹತ್ತಿಳಿಯುತ್ತಿರುತ್ತದೆ. ಆವಿಯಾದಷ್ಟು ಸೇರಿಸುತ್ತಿದ್ದರೆ ಆಯಿತು. ದಟ್ಟ ಕಾಡಿಲ್ಲದ ಗುಡ್ಡಗಳಲ್ಲಿ ನದಿಯಿಂದ ದೂರ ಇಂಥವನ್ನು ಕಟ್ಟಬಹುದು. ಬ್ಯಾಟರಿಗಳ ದಾರಿಯೂ ಇದೆ. ಯಾವುದಕ್ಕೆ ಎಷ್ಟು ಖರ್ಚು, ಎಷ್ಟು ವರ್ಷ ಬಾಳಿಕೆ, ಎಷ್ಟು ಕಾಡು ಎನ್ನುವುದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

ಪೇಪರಿನ ಮೂಲೆಯ ಪಟ್ಟಿ

ಮಳೆಗಾಲ ಬಂದರೆ ಪೇಪರಿನಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದೆ. ಅದನ್ನು ಓದುವ ಬಗೆ ಹೀಗೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ ಎಂದರೆ ಆಣೆಕಟ್ಟಿನ ಆಳ ಅಷ್ಟಲ್ಲ, ಸಮುದ್ರಮಟ್ಟದಿಂದ ನೀರಿನ ಎತ್ತರ ಅಷ್ಟು. ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿ ಇರುತ್ತದೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 11,574 ಕ್ಯೂಸೆಕ್ ಒಂದು ದಿನ ಪೂರಾ ಬಂದರೆ ಒಂದು ಟಿಎಂಸಿ. ಶರಾವತಿಯ ಹತ್ತೂ ಯಂತ್ರ ಪೂರ್ತಿ ಓಡಿದರೆ ಆ ಒಂದು ಟಿಎಂಸಿ ಸುಮಾರು 27 ಗಂಟೆಗೆ ಮುಗಿಯುತ್ತದೆ.

ಇನ್ನೊಂದು ವಿಷಯ. ಜಲಾಶಯ ಬೋಗುಣಿಯ ಹಾಗೆ, ತಳ ಕಿರಿದು, ಬಾಯಿ ಅಗಲ. ಹಾಗಾಗಿ ಎಲ್ಲ ಅಡಿಗೂ ಒಂದೇ ತೂಕವಿಲ್ಲ. ಜೂನಿನಲ್ಲಿ ನೀರು ಒಂದು ಅಡಿ ಏರಿದರೆ ಬಂದದ್ದು ಸ್ವಲ್ಪವೇ. 1,818ರಿಂದ 1,819ಕ್ಕೆ ಏರಿದ ದಿನ ಬಂದದ್ದು ಸುಮಾರು 3 ಟಿಎಂಸಿ. ಟ್ಯಾಂಕಿನ ಲೆಕ್ಕದಲ್ಲಿ, 8 ಕೋಟಿ ಯೂನಿಟ್ಟಿಗೂ ಜಾಸ್ತಿ.